ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ



ಧಾರವಾಡದ ಸಪ್ತಾಪುರದಲ್ಲಿ ಎತ್ತ ತಿರುಗಿದರೂ ಕೋಚಿಂಗ್ ಕ್ಲಾಸಿನ ಬೋರ್ಡು, ಸ್ಟಡಿ ರೂಮು, ಪಿಜಿ, ಝೆರಾಕ್ಸ್ ಅಂಗಡಿ. ಯಾದಗಿರಿ, ವಿಜಯಪುರ, ಕೊಪ್ಪಳ, ಹಾವೇರಿಯಿಂದ ಬಂದ ನೀವು ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಹಗಲೂ ರಾತ್ರಿ ಓದುತ್ತೀರಿ. ಊರಲ್ಲಿ ಅಪ್ಪ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ರೂಮಿನ ಬಾಡಿಗೆ ಕಟ್ಟುವವರಿದ್ದೀರಿ, ಮದುವೆಯ ಮಾತನ್ನು ಮುಂದೂಡಿ ಬಂದ ಹೆಣ್ಣುಮಕ್ಕಳಿದ್ದೀರಿ. ನಿಮ್ಮ ಶ್ರಮದ ಬಗ್ಗೆ ನನಗೆ ಗೌರವವಿದೆ. ಸಂಜೆ ಕೆಲವರು ನಮ್ಮ ಮನೆಗೆ ಬಂದು "ಸರ್, ಜಿಕೆ ಕೇಳಿ" ಅನ್ನುತ್ತೀರಿ. ಕೇಳುತ್ತೇನೆ, ನೀವು ಪಟಪಟನೆ ಹೇಳುತ್ತೀರಿ. ಅಳಿಸಲಾಗದ ಶಾಯಿ ಎಲ್ಲಿ ತಯಾರಾಗುತ್ತದೆ? ಮೈಸೂರು. ಹಳೆಯ ಕನ್ನಡ ಶಾಸನ? ಹಲ್ಮಿಡಿ. ಶನಿಗ್ರಹಕ್ಕೆ ಎಷ್ಟು ಚಂದ್ರ? ಆಯಾ ಗೈಡಿನಲ್ಲಿ ಇದ್ದಷ್ಟು.

ನಾನು ಹೇಳಬೇಕೆಂದಿರುವುದು ಇಷ್ಟೇ: ಉತ್ತರ ಸಿಕ್ಕ ಕೂಡಲೇ ಪುಟ ತಿರುಗಿಸಬೇಡಿ. ಇನ್ನೊಂದು ಪ್ರಶ್ನೆ ಕೇಳಿ. ಯಾವಾಗಿನಿಂದ? ಅಲ್ಲೇ ಏಕೆ? ಯಾರು ಲೆಕ್ಕ ಹಾಕಿದರು? ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಪ್ರತಿ ಉತ್ತರಕ್ಕೂ ಕೇಳಲು ಸಮಯ ಸಾಲುವುದಿಲ್ಲ, ಬಲ್ಲೆ. ದಿನಕ್ಕೆ ಎರಡು ಉತ್ತರಗಳನ್ನು ಹೀಗೆ ಹಿಡಿದು ಕೂತರೂ ವರ್ಷ ಕಳೆಯುವಷ್ಟರಲ್ಲಿ ನಿಮ್ಮ ಓದಿನ ರೀತಿಯೇ ಬದಲಾಗಿರುತ್ತದೆ.

ಶಾಯಿಯನ್ನೇ ತೆಗೆದುಕೊಳ್ಳೋಣ. "ಮೈಸೂರು" ಎಂಬಲ್ಲಿಗೆ ನಿಮ್ಮ ಗೈಡು ಮುಗಿಸುತ್ತದೆ. ಮೈಸೂರೇ ಏಕೆ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. ಸ್ವಾತಂತ್ರ್ಯದ ನಂತರ ಅದು ಸರ್ಕಾರದ ಸ್ವತ್ತಾಯಿತು. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯುವ ಶಾಯಿಯೊಂದನ್ನು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ರೂಪಿಸಿದಾಗ, ತಯಾರಿಕೆಯ ಹೊಣೆ ಈ ಕಾರ್ಖಾನೆಗೆ ಬಂತು. 1962ರ ಮೂರನೆಯ ಮಹಾಚುನಾವಣೆಯಿಂದ ಈ ಶಾಯಿ ಬಳಕೆಯಲ್ಲಿದೆ, ಹೊರದೇಶಗಳಿಗೂ ಹೋಗುತ್ತದೆ.

ಇನ್ನು, ಅದು ಅಳಿಸುವುದಿಲ್ಲ ಏಕೆ? ಅದರಲ್ಲಿ ಬೆಳ್ಳಿಯ ನೈಟ್ರೇಟ್ ಇದೆ. ನಮ್ಮ ಚರ್ಮದ ಬೆವರಿನಲ್ಲಿ ಉಪ್ಪಿದೆ. ಎರಡೂ ಸೇರಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ. ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಮತಗಟ್ಟೆಯಲ್ಲಿ ಹಚ್ಚಿದಾಗ ನೇರಳೆಯಾಗಿ ಕಂಡದ್ದು ಮನೆ ಮುಟ್ಟುವ ಹೊತ್ತಿಗೆ ಕಪ್ಪಗಾಗಿರುವುದನ್ನು ನೀವೇ ನೋಡಿದ್ದೀರಿ. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಚರ್ಮದ ಮೇಲ್ಪದರ ತಾನಾಗಿ ಉದುರಬೇಕು, ಉಗುರು ಬೆಳೆದು ಕತ್ತರಿಸಿ ಹೋಗಬೇಕು. ಬೆಳ್ಳಿಯ ಲವಣಗಳಿಗೆ ಬೆಳಕು ತಗುಲಿದರೆ ಕಪ್ಪಾಗುವ ಇದೇ ಗುಣದ ಮೇಲೆ ಹಳೆಯ ಕಪ್ಪು-ಬಿಳುಪು ಫೋಟೊದ ಫಿಲ್ಮು ನಿಂತಿತ್ತು, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮೂ ನಿಂತಿತ್ತು. ರಸಾಯನಶಾಸ್ತ್ರದ ಒಂದು ಪಾಠ ಪುಕ್ಕಟೆ ಸಿಕ್ಕಿತಲ್ಲವೇ?

ಅಷ್ಟಕ್ಕೇ ನಿಲ್ಲಬೇಡಿ. ಯಾವ ಬೆರಳಿಗೆ ಹಚ್ಚಬೇಕು? ಎಡಗೈಯ ತೋರುಬೆರಳಿಗೆ. ಆ ಬೆರಳೇ ಇಲ್ಲದವರಿಗೆ? 1961ರ ಚುನಾವಣಾ ನಡಾವಳಿ ನಿಯಮಗಳನ್ನು ಬರೆದವರು ಅದನ್ನೂ ಯೋಚಿಸಿದ್ದಾರೆ. ಎಡಗೈಯ ಬೇರೆ ಬೆರಳು. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯ ಬೆರಳು. ಎರಡೂ ಕೈಗಳಲ್ಲಿ ಬೆರಳಿಲ್ಲದಿದ್ದರೆ ತೋಳಿನ ಯಾವ ತುದಿ ಉಳಿದಿದೆಯೋ ಅಲ್ಲಿ. ಗಣರಾಜ್ಯವೊಂದು ತನ್ನ ಕಟ್ಟಕಡೆಯ ಮತದಾರನನ್ನು ಎಷ್ಟು ದೂರದವರೆಗೆ ನೆನೆದಿದೆ ಎಂಬುದು ಈ ನಿಯಮ ಓದಿದಾಗ ನನಗೆ ಅರ್ಥವಾಯಿತು. ಸಂವಿಧಾನದ 324ನೇ ವಿಧಿಯನ್ನು ನೀವು ಬಾಯಿಪಾಠ ಮಾಡಿದ್ದೀರಿ. ಚುನಾವಣಾ ಆಯೋಗದ ಆ ವಿಧಿಯನ್ನು ಈ ನಿಯಮದ ಪಕ್ಕದಲ್ಲಿಟ್ಟು ಒಮ್ಮೆ ಓದಿ. ಆಮೇಲೆ 324 ಎಂಬ ಅಂಕಿ ಮರೆತು ಹೋಗುವ ಭಯ ಇರುವುದಿಲ್ಲ.

ಎರಡನೆಯ ಮಾತು ಇಸವಿಯದು. ಸಾಮಾನ್ಯ ಜ್ಞಾನದ ಎಷ್ಟೋ ಉತ್ತರಗಳಿಗೆ ಆಯಸ್ಸಿದೆ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಎಂದರೆ 31 ಅನ್ನುತ್ತೀರಿ. 1956ರಲ್ಲಿ ರಾಜ್ಯ ಒಂದಾದಾಗ 19 ಇದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಯಿತು. 1997ರಲ್ಲಿ ಒಮ್ಮೆಲೇ ಏಳು ಬಂದವು, ಗದಗ ಹಾವೇರಿಗಳೂ ಅದರಲ್ಲಿವೆ, ನಮ್ಮ ಧಾರವಾಡ ಜಿಲ್ಲೆ ಒಡೆದದ್ದು ಆಗಲೇ. 2007ರಲ್ಲಿ ಚಿಕ್ಕಬಳ್ಳಾಪುರ, ರಾಮನಗರ. ಆಮೇಲೆ ಯಾದಗಿರಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ. 2025ರಲ್ಲಿ ರಾಮನಗರದ ಹೆಸರು ಬೆಂಗಳೂರು ದಕ್ಷಿಣವಾಯಿತು. ಎಣಿಕೆ ಅಷ್ಟೇ ಇತ್ತು, ಹೆಸರು ಬದಲಾಯಿತು. ಈ ಏಣಿಯನ್ನು ಒಮ್ಮೆ ಹತ್ತಿ ಇಳಿದವರಿಗೆ ಕಾಲಾನುಕ್ರಮದ ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಕೈ ನಡುಗುವುದಿಲ್ಲ.

ಎವರೆಸ್ಟ್ ಎತ್ತರವೂ ಹಾಗೆಯೇ. 1856ರಲ್ಲಿ ಪ್ರಕಟವಾದ ಅಂಕಿ 29,002 ಅಡಿ. ಅದರ ಹಿಂದೆ ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ ಗಣಿತಜ್ಞರ ಲೆಕ್ಕಾಚಾರವಿತ್ತು. ಶಿಖರಕ್ಕೆ ಹೆಸರು ಬಂದದ್ದು ಅದನ್ನು ಅಳೆಯದ ಇನ್ನೊಬ್ಬರಿಂದ. 1955ರಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆ 8,848 ಮೀಟರ್ ಎಂದಿತು. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಕೂಡಿ 8,848.86 ಎಂದು ಸಾರಿದವು. ಶನಿಗ್ರಹದ ಚಂದ್ರರ ಸಂಖ್ಯೆ 2025ರ ಮಾರ್ಚಿನಲ್ಲಿ ಒಂದೇ ಏಟಿಗೆ 128 ಹೆಚ್ಚಾಗಿ 274 ಆಯಿತು. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ವಿದ್ವಾಂಸರು 370ರ ಸುಮಾರಿಗೆ ಒಯ್ಯುತ್ತಾರೆ. ಆದ್ದರಿಂದ ನೋಟ್ಸ್ ಬರೆಯುವಾಗ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ವರ್ಷದ್ದು ಎಂದು ಬರೆಯಿರಿ. ಅಣ್ಣ ಓದಿದ ಹಳೆಯ ಗೈಡನ್ನು ತಮ್ಮ ಓದುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಮೂರನೆಯದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. "ಏಷ್ಯಾದಲ್ಲೇ ಮೊದಲು", "ಜಗತ್ತಿನಲ್ಲೇ ದೊಡ್ಡದು" ಎಂಬ ಸಾಲು ಕಂಡಾಗ ಪೆನ್ಸಿಲಿನಿಂದ ಒಂದು ಗುರುತು ಹಾಕಿಡಿ. ನಾಡಿನ ಅಭಿಮಾನ ಒಳ್ಳೆಯದು. ಅದಕ್ಕೆ ಸುಳ್ಳಿನ ಆಸರೆ ಬೇಡ.

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಏಷ್ಯಾದ ಮೊದಲನೆಯದು ಎಂದು ಎಷ್ಟೋ ಗೈಡುಗಳು ಬರೆಯುತ್ತವೆ. ಜಪಾನಿನ ಕ್ಯೋಟೊ ನಗರದ ಕೆಯಾಗೆ ಕೇಂದ್ರ 1891ರಲ್ಲೇ ವಿದ್ಯುತ್ ಕೊಡುತ್ತಿತ್ತು. ಭಾರತದೊಳಗೇ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್ 1897ರಲ್ಲಿ ಶುರುವಾಯಿತು. ಶಿವನಸಮುದ್ರ 1902ರದು. ಹಾಗೆಂದು ಶಿವನಸಮುದ್ರದ ಹಿರಿಮೆ ಕಡಿಮೆಯೇ? ಅದರ ನಿಜವಾದ ಹಿರಿಮೆ ಬೇರೆಯದೇ ಇದೆ, ಮತ್ತು ಗೈಡು ಅದನ್ನು ಹೇಳುವುದೇ ಇಲ್ಲ.

ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳ ಮೇಲೆ ನಡೆಯುತ್ತಿದ್ದವು. ಉಗಿಗೆ ಕಲ್ಲಿದ್ದಲು ಬೇಕು, ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲ, ದೂರದಿಂದ ತರಿಸಬೇಕು. ಗಣಿ ಆಳಕ್ಕೆ ಇಳಿದಷ್ಟೂ ಖರ್ಚು ಏರುತ್ತಿತ್ತು. ಇತ್ತ ಮಳವಳ್ಳಿಯ ಕಡೆ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್ ಕೂಡಿ ಈ ಎರಡು ಸಂಗತಿಗಳನ್ನು ಜೋಡಿಸಿದರು. ಧುಮುಕುವ ನೀರಿನಿಂದ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ತಂತಿಯೆಳೆದು ಗಣಿಗೆ ಮುಟ್ಟಿಸುವುದು! ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸಿದ ಮಾರ್ಗಗಳು ಜಗತ್ತಿನಲ್ಲಿ ಬೆರಳೆಣಿಕೆಯವು. ಊರ ದೀಪಕ್ಕಿಂತ ಮೊದಲು ಕೈಗಾರಿಕೆಗೆ, ಅದೂ ಅಷ್ಟು ದೂರಕ್ಕೆ, ಅಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟದ್ದೇ ಅದರ ಸಾಧನೆ. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ.

ಈಗ ಇನ್ನೊಂದು ಹೆಜ್ಜೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಗಳ ಗತಿಯೇನು? ವರ್ಷವಿಡೀ ಒಂದೇ ಸಮ ನೀರು ಬಿಡಲು ಮೇಲೆಲ್ಲೋ ಒಂದು ಜಲಾಶಯ ಬೇಕು. ಕನ್ನಂಬಾಡಿಯಲ್ಲಿ 1911ರಲ್ಲಿ ಕಟ್ಟೆಯ ಕೆಲಸ ಶುರುವಾಗಲು ಮಂಡ್ಯದ ಗದ್ದೆಗಳಷ್ಟೇ ಅಲ್ಲ, ಶಿವನಸಮುದ್ರದ ಯಂತ್ರಗಳೂ ಕಾರಣ. ಅಣೆಕಟ್ಟೆಯ ಎತ್ತರದ ಮೇಲೆ ಮದ್ರಾಸು ಪ್ರಾಂತ್ಯದೊಡನೆ ತಕರಾರು ಎದ್ದು, ಅದು 1924ರ ಕಾವೇರಿ ಒಪ್ಪಂದಕ್ಕೆ ಬಂದು ನಿಂತಿತು. ಶಿವನಸಮುದ್ರ, ಕೋಲಾರದ ಗಣಿ (ಕೆಜಿಎಫ್), ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್), ಕಾವೇರಿ ಒಪ್ಪಂದ: ನಿಮ್ಮ ಗೈಡಿನಲ್ಲಿ ಇವು ನಾಲ್ಕು ಬೇರೆ ಬೇರೆ ಅಧ್ಯಾಯಗಳಲ್ಲಿವೆ. ನಿಜದಲ್ಲಿ ಒಂದೇ ನದಿಯ ಒಂದೇ ಕಥೆ. "ಹೇಳಿಕೆ ಮತ್ತು ಕಾರಣ" ಮಾದರಿಯ ಪ್ರಶ್ನೆಗಳಲ್ಲಿ ನೀವು ಎಡವುವುದು ಇಲ್ಲೇ. ಹೇಳಿಕೆ ಗೊತ್ತಿರುತ್ತದೆ, ಕಾರಣವನ್ನು ಯಾವತ್ತೂ ಕೇಳಿರುವುದಿಲ್ಲ.

ಪರೀಕ್ಷೆಯಲ್ಲಿ "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ" ಎಂದೇ ಕೇಳಿಬಿಟ್ಟರೆ ಏನು ಮಾಡಬೇಕು ಎಂದು ತಂಗಿಯೊಬ್ಬಳು ಕೇಳಿದಳು. ನಾಲ್ಕೂ ಆಯ್ಕೆಗಳನ್ನು ನೋಡು, ತಾಯಿ. ಕೊಟ್ಟವುಗಳಲ್ಲಿ ಎಲ್ಲಕ್ಕಿಂತ ಹಿಂದಿನದು ಯಾವುದೋ ಅದನ್ನು ಗುರುತಿಸು. ಇಸವಿ ಗೊತ್ತಿದ್ದವರಿಗೆ ಮಾತ್ರ ಆ ಅನುಕೂಲ.

ಮೊಬೈಲಿನ ಪಿಡಿಎಫ್ ಬದಿಗಿಟ್ಟು ಮಾಡಬಹುದಾದ ಅಭ್ಯಾಸವೊಂದಿದೆ. ಜೇಬಿನಿಂದ ಐವತ್ತು ರೂಪಾಯಿಯ ನೋಟು ತೆಗೆಯಿರಿ. ಹೊಸದು, ತಿಳಿನೀಲಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ. ಪಕ್ಕದ ಪಟ್ಟಿಯಲ್ಲಿ ಹದಿನೈದು ಭಾಷೆಗಳಲ್ಲಿ ಮೌಲ್ಯ ಬರೆದಿದೆ. ಮೇಲಿನಿಂದ ನಾಲ್ಕನೆಯದು ಕನ್ನಡ. ನಾಲ್ಕನೆಯದೇ ಏಕೆ? ಇಂಗ್ಲಿಷ್ ಅಕ್ಷರಮಾಲೆಯ ಅನುಕ್ರಮ: ಅಸ್ಸಾಮಿ, ಬಂಗಾಳಿ, ಗುಜರಾತಿ, ಕನ್ನಡ. ಹಿಂದಿ, ಇಂಗ್ಲಿಷ್ ಬೇರೆ ಕಡೆ ಇವೆ, ಒಟ್ಟು ಹದಿನೇಳು. ಆದರೆ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆಯಲ್ಲ? ಇಂಗ್ಲಿಷ್ ಆ ಅನುಸೂಚಿಯಲ್ಲಿಲ್ಲ. ಹಾಗಾದರೆ ನೋಟಿನ ಮೇಲಿಲ್ಲದವು ಆರು. ಹುಡುಕಿ: ಬೋಡೊ, ಡೋಗ್ರಿ, ಮೈಥಿಲಿ, ಮಣಿಪುರಿ, ಸಂತಾಲಿ, ಸಿಂಧಿ. 1950ರಲ್ಲಿ ಅನುಸೂಚಿಯಲ್ಲಿದ್ದವು 14. 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ. 2003ರ 92ನೇ ತಿದ್ದುಪಡಿಯಲ್ಲಿ ಉಳಿದ ನಾಲ್ಕು. ಸಹಿ ಯಾರದು? ರಿಸರ್ವ್ ಬ್ಯಾಂಕ್ ಗವರ್ನರ್ ಅವರದು. ಒಂದು ರೂಪಾಯಿ ನೋಟಿನ ಮೇಲಾದರೆ ಹಣಕಾಸು ಕಾರ್ಯದರ್ಶಿಯವರದು, ಏಕೆಂದರೆ ಅದನ್ನು ಹೊರಡಿಸುವುದು ಭಾರತ ಸರ್ಕಾರ.

ಇನ್ನು ರಥ. ಅದು ಏಕಶಿಲೆಯದು ಎಂದು ನೀವು ಬರೆದುಕೊಂಡಿದ್ದರೆ ಹೊಡೆದುಹಾಕಿ. ಹಲವು ಕಲ್ಲುಗಳನ್ನು ಕೂಡಿಸಿ ಕಟ್ಟಿದ್ದು. ಕೂಡಿಕೆಯ ಗೆರೆಗಳನ್ನು ಕೆತ್ತನೆಯಲ್ಲಿ ಮರೆಸಿದ್ದಾರೆ. ವಿಠ್ಠಲನ ಎದುರಿಗಿರುವ ಅದು ಗರುಡನ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಫೋಟೊಗಳಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ. ಅಂದರೆ ನಿಮ್ಮ ಕೈಯಲ್ಲಿರುವ ನೋಟಿನ ಚಿತ್ರ ವಿಜಯನಗರದವರು ಕಂಡ ರಥದ್ದಲ್ಲ, ನಾವು ಕಾಣುವ ರಥದ್ದು. ಹಂಪಿಗೆ ಹೋದಾಗ ಎದುರಿನ ಆನೆಗಳ ಹಿಂದೆ ಬಗ್ಗಿ ನೋಡಿ. ಮೊದಲಿದ್ದ ಕುದುರೆಗಳ ಗುರುತು ಅಲ್ಲಿ ಇನ್ನೂ ಇದೆ. ಒಂದು ನೋಟಿನಲ್ಲಿ ಭಾಷೆ, ಸಂವಿಧಾನ, ಅರ್ಥವ್ಯವಸ್ಥೆ, ಇತಿಹಾಸ ನಾಲ್ಕೂ ಬಂದವು, ಅರ್ಧ ಗಂಟೆಯೂ ಆಗಲಿಲ್ಲ.

ಇದೆಲ್ಲ ಅಂಕಕ್ಕಾಗಿ ಮಾತ್ರವೇ ಎಂದು ಕೇಳಬಹುದು. ನಿಮ್ಮಲ್ಲಿ ಹಲವರು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆಗಬೇಕೆಂದು ಓದುತ್ತಿದ್ದೀರಿ. "ಫ್ಲೋರೋಸಿಸ್ ಯಾವುದರಿಂದ ಬರುತ್ತದೆ? ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ." ಒಂದು ಅಂಕ. ನಾಳೆ ನಿಮಗೆ ಪಾವಗಡದ ಕಡೆಯೋ ಮುಂಡರಗಿಯ ಕಡೆಯೋ ಪಂಚಾಯಿತಿ ಸಿಗುತ್ತದೆ ಎಂದುಕೊಳ್ಳಿ. ಶಾಲೆಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ವಯಸ್ಸಾದವರು ಸೊಂಟ ಬಗ್ಗಿ ನಡೆಯುತ್ತಾರೆ. ಅಲ್ಲಿಯ ಬಂಡೆಯಲ್ಲೇ ಫ್ಲೋರೈಡ್ ಇರುವ ಖನಿಜಗಳಿವೆ. ಬೋರ್‌ವೆಲ್ ಆಳಕ್ಕೆ ಹೋದಂತೆ ಬಂಡೆಯೊಳಗೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ವರೆಗೆ. ಊರ ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಎಷ್ಟು ಬೇಗ ರಿಪೇರಿ ಮಾಡಿಸಬೇಕೆಂಬುದು ಆ ಒಂದು ಅಂಕದ ಉತ್ತರವನ್ನು ನೀವು ಎಷ್ಟು ಆಳವಾಗಿ ಓದಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಹೆಣ್ಣುಮಕ್ಕಳು ಕೊಡ ಹೊತ್ತು ನಿಮ್ಮ ಕಚೇರಿಯ ಮುಂದೆ ಬಂದು ನಿಂತಾಗ ಅವರಿಗೆ ತಿಳಿಸಿ ಹೇಳುವ ಭಾಷೆಯೂ ನಿಮ್ಮಲ್ಲಿರಬೇಕು.

ಎಲ್ಲಿ ಓದಬೇಕು ಎಂದು ಕೇಳುತ್ತೀರಿ. ಕನ್ನಡದಲ್ಲಿ ಈ ಕೆಲಸವನ್ನು ಹಿರಿಯರು ಶ್ರದ್ಧೆಯಿಂದ ಮಾಡಿಟ್ಟಿದ್ದಾರೆ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು, ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'. ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನ ಗಂಗೋತ್ರಿ' ಏಳು ಸಂಪುಟಗಳಾಗಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವಿದೆ. ಇವುಗಳ ಅಂಕಿಗಳು ಹಳೆಯವು, ಆದರೆ ಕಾರಣಗಳು ಹಳತಾಗಿಲ್ಲ. ಕಾರಣಕ್ಕೆ ಇವನ್ನು ಓದಿ; ಅಂಕಿಗೆ ಈ ವರ್ಷದ ಆರ್ಥಿಕ ಸಮೀಕ್ಷೆ, ಇಲಾಖೆಗಳ ವಾರ್ಷಿಕ ವರದಿ, ಹತ್ತನೆಯ ತರಗತಿವರೆಗಿನ ಹೊಸ ಪಠ್ಯಪುಸ್ತಕ ನೋಡಿ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಪರಾಮರ್ಶನ ವಿಭಾಗ ಎಲ್ಲಿದೆ ಎಂದು ಕೇಳಿ. ಟೆಲಿಗ್ರಾಂನಲ್ಲಿ ಹರಿದಾಡುವ "5000 ಪ್ರಶ್ನೋತ್ತರ" ಕಡತಗಳನ್ನು ಕೊನೆಯ ವಾರದ ಮನನಕ್ಕೆ ಇಟ್ಟುಕೊಳ್ಳಿ, ಮೊದಲ ಓದಿಗಲ್ಲ. ಒಬ್ಬ ತಪ್ಪು ಬರೆದದ್ದನ್ನು ನೂರು ಮಂದಿ ನಕಲು ಮಾಡಿರುತ್ತಾರೆ. ನೂರು ಕಡೆ ಕಂಡಿತೆಂದು ಅದು ನಿಜವಾಗುವುದಿಲ್ಲ.

ಕೊನೆಯದಾಗಿ ಕೀ ಉತ್ತರದ ವಿಷಯ. ಲೋಕಸೇವಾ ಆಯೋಗವಾಗಲಿ ಪರೀಕ್ಷಾ ಪ್ರಾಧಿಕಾರವಾಗಲಿ ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತವೆ. ಸಿಗುವುದು ಕೆಲವೇ ದಿನ. ಆಗ ನಿಮ್ಮಲ್ಲಿ ಬಹಳ ಜನ ಗುಂಪಿನಲ್ಲಿ ಸಿಟ್ಟು ತೋಡಿಕೊಂಡು ಸುಮ್ಮನಾಗುತ್ತೀರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯ ಬೆಲೆ ಎಷ್ಟೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸುಮ್ಮನಾಗಬೇಡಿ. ಆಕ್ಷೇಪಣೆಗೆ ಗೈಡಿನ ಪುಟ ಲಗತ್ತಿಸಬೇಡಿ. ಮೂಲ ಪುಸ್ತಕದ ಮುಖಪುಟ, ಪ್ರಕಟಣೆಯ ವರ್ಷವಿರುವ ಪುಟ, ಆ ಸಾಲಿರುವ ಪುಟ ಮೂರನ್ನೂ ಸ್ಕ್ಯಾನ್ ಮಾಡಿ, ಸಾಲಿನ ಕೆಳಗೆ ಗೆರೆ ಎಳೆದು, ನಿಮ್ಮ ವಾದವನ್ನು ನಾಲ್ಕು ವಾಕ್ಯ ಮೀರದಂತೆ ಬರೆಯಿರಿ. ಸರ್ಕಾರಿ ಅಧಿಸೂಚನೆಯಾದರೆ ಸಂಖ್ಯೆ ಮತ್ತು ದಿನಾಂಕ ಹಾಕಿ. ನನ್ನ ಕಪಾಟಿನಲ್ಲಿ ಹಳೆಯ ಜಿಲ್ಲಾ ಗೆಜೆಟಿಯರ್‌ಗಳಿವೆ, ವಿಶ್ವಕೋಶದ ಕೆಲವು ಸಂಪುಟಗಳಿವೆ. ಕೀ ಉತ್ತರ ಬಂದ ಸಂಜೆಯೇ ಬನ್ನಿ, ಕೂಡಿ ಹುಡುಕೋಣ. ಪ್ರಶ್ನೆಪತ್ರಿಕೆಯನ್ನೂ ಪೆನ್ಸಿಲನ್ನೂ ಮರೆಯದೆ ತನ್ನಿ.